ಕರುಳಿನ ಒಳಗೋಡೆ ಸೋರಿದಾಗ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮಸ್ಕಿ, ಸಿಂಧನೂರು ಕಡೆಯ ರೈತರಿಗೆ ಪರಿಚಯಿಸಬೇಕಾಗಿಲ್ಲ. ಕಾಲುವೆಗೆ ಹಾಸಿದ ಕಲ್ಲು ಎಷ್ಟೇ ಗಟ್ಟಿಯಾಗಿರಲಿ, ಸಂದಿಯ ಗಾರೆ ಸಡಿಲವಾದರೆ ನೀರು ಸೋರುತ್ತದೆ. ನಮ್ಮ ಕರುಳಿನ ಸ್ಥಿತಿಯೂ ಹೀಗೆಯೇ.

ಕರುಳಿನ ಒಳಮೈಗೆ ಒಂದೇ ಸಾಲು ಜೀವಕೋಶಗಳ ಹೊದಿಕೆಯಿದೆ. ಸುಮಾರು 3ರಿಂದ 5 ದಿನಗಳಲ್ಲಿ ಹಳೆಯ ಕೋಶಗಳು ಉದುರಿ ಹೊಸವು ಬರುತ್ತವೆ. ಆದರೂ ಗೋಡೆ ಸೋರದಿರಲು ಕಾರಣ, ಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪ್ರೋಟೀನುಗಳು. ಮೇಲ್ತುದಿಯಲ್ಲಿ ಕ್ಲಾಡಿನ್ ಮತ್ತು ಅಕ್ಲೂಡಿನ್ ಸಂದಿಯನ್ನು ಬಿಗಿಯುತ್ತವೆ. ಅದರ ಕೆಳಗೆ ಇ-ಕ್ಯಾಡ್‌ಹೆರಿನ್ ಅಕ್ಕಪಕ್ಕದ ಕೋಶಗಳನ್ನು ಹಿಡಿದಿಡುತ್ತದೆ. ಈ ಬೆಸುಗೆ ನೀರು, ಲವಣಗಳನ್ನು ಹಿತಮಿತವಾಗಿ ಬಿಟ್ಟು ರೋಗಾಣುಗಳನ್ನು ತಡೆಯುತ್ತದೆ.

ಬೆಸುಗೆ ಕೆಡುವುದು ಹೇಗೆ? ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ಅದನ್ನು ಸಡಿಲಿಸುತ್ತದೆ. ಕಾಲರಾ ರೋಗಾಣುವಿನ ಮುಖ್ಯ ವಿಷವು ಕೋಶಗಳಿಂದ ನೀರು, ಲವಣ ಹೊರಹರಿಯುವಂತೆ ಮಾಡಿದರೆ, ಅದರದೇ ಇನ್ನೊಂದು ಕಿಣ್ವ ಅಕ್ಲೂಡಿನ್ ಅನ್ನು ಕತ್ತರಿಸುತ್ತದೆ. ಮೇಲಿಂದ ಮೇಲೆ ಕರುಳಿನ ಸೋಂಕು ತಗಲುವ ಮಗುವಿನಲ್ಲಿ ಗೋಡೆ ಸೋರುತ್ತಲೇ ಇರಬಹುದು. ಉಂಡದ್ದು ಮೈಗೆ ಹತ್ತದೆ ಬೆಳವಣಿಗೆ ಕುಂಠಿತವಾಗುತ್ತದೆ.

ಇನ್ನು ಕೆಲವರಿಗೆ ಗೋಧಿಯ ಗ್ಲುಟೆನ್ ಒಗ್ಗದೆ ಸೀಲಿಯಾಕ್ ಕಾಯಿಲೆ ಬರುತ್ತದೆ. ಇದರಲ್ಲೂ ಬೆಸುಗೆ ಸಡಿಲವಾಗುತ್ತದೆ. ನಮ್ಮ ಜೋಳದಲ್ಲಿ ಗ್ಲುಟೆನ್ ಇಲ್ಲ. ಇಂಥವರು ಗೋಧಿ ಬೆರೆಯದ ಜೋಳದ ರೊಟ್ಟಿ ತಿನ್ನಬಹುದು. ಆದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಕಾಯಿಲೆ ಪತ್ತೆಯಾಗದೆ ಹೋದೀತು.

ಕಲುಷಿತ ನೀರಿನ ಪರಿಣಾಮ ನಮ್ಮ ಜಿಲ್ಲೆಗೆ ಗೊತ್ತಿದೆ. 2022ರಲ್ಲಿ ರಾಯಚೂರು ನಗರದಲ್ಲಿ ಇಂಥ ನೀರು ಕುಡಿದು ಹಲವರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು. ಆದ್ದರಿಂದ ಕುಡಿಯುವ ನೀರನ್ನು ಕುದಿಸಿ ಆರಿಸಿ. ಶೌಚದ ನಂತರ ಮತ್ತು ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಮಗುವಿಗೆ 6, 10 ಮತ್ತು 14ನೇ ವಾರದಲ್ಲಿ ರೋಟಾವೈರಸ್ ಲಸಿಕೆ ಹಾಕಿಸಿ. ವೈದ್ಯರನ್ನು ಕೇಳದೆ ದಿನವೂ ನೋವಿನ ಮಾತ್ರೆ ನುಂಗಬೇಡಿ. ಅದರಿಂದಲೂ ಕರುಳಿನ ಒಳಪದರಕ್ಕೆ ಹಾನಿಯುಂಟು.

ಭೇದಿಯಾದಾಗ ಮಗುವಿಗೆ ಏನೂ ಕೊಡಬಾರದೆಂದು ಕೆಲವರು ನಂಬುತ್ತಾರೆ. ಇದು ತಪ್ಪು, ಅಪಾಯಕರ. ಭೇದಿಯಲ್ಲೂ ಕರುಳು ಸಕ್ಕರೆಯ ಜೊತೆಗೆ ಉಪ್ಪು, ನೀರನ್ನು ಹೀರಬಲ್ಲದು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರು ಶುದ್ಧ ನೀರಿಗೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಭೇದಿ ನಿಂತರೂ ಸತು ಅಂದರೆ ಜಿಂಕ್ ಮಾತ್ರೆಯನ್ನು ಹೇಳಿದಷ್ಟು ದಿನ ಕೊಡಿ. ಒಳಪದರ ಚೇತರಿಸಿಕೊಳ್ಳಲು ಅದು ನೆರವಾಗುತ್ತದೆ.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ಕಟ್ಟುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಮಗು ನುಂಗುವಂತಿದ್ದರೆ ಓಆರ್‌ಎಸ್ ಕುಡಿಸುತ್ತಿರಿ.