ಚಿತ್ರದಲ್ಲಿ ಇಲ್ಲದ್ದನ್ನೂ ನೋಡು

ಪುಟ್ಟಿ,

ಹೊಸ ಮನೆಯ ಗೋಡೆಗೆ ಅಂದವಾಗಿರುತ್ತದೆ ಅಂತ ಅಟ್ಟದ ಮೇಲಿದ್ದ ಹಳೆಯ ‘ಸುಧಾ’, ‘ಮಯೂರ’ಗಳಿಂದ ಜಾಹೀರಾತಿನ ಹಾಳೆಗಳನ್ನು ಆರಿಸಿಕೊಂಡು ಹೋದೆಯಲ್ಲ, ಸಂತೋಷ. ಕಟ್ಟು ಹಾಕಿಸು. ಆದರೆ ಅದಕ್ಕೂ ಮೊದಲು ಒಂದೊಂದನ್ನೂ ಎದುರಿಗಿಟ್ಟುಕೊಂಡು ಕೂತು ನೋಡು. ಜಾಹೀರಾತು ತೋರಿಸಿದ್ದನ್ನು ಊರೆಲ್ಲ ನೋಡುತ್ತದೆ. ನೀನು ಅದು ಬಿಟ್ಟದ್ದನ್ನು ಹುಡುಕು.

ಕುಕ್ಕರಿನದನ್ನೇ ತಗೋ. ಹೆಂಡತಿಯನ್ನು ನಿಜವಾಗಿ ಪ್ರೀತಿಸುವವನು ಪ್ರೆಸ್ಟೀಜ್ ಬೇಡ ಅನ್ನುವುದುಂಟೇ ಎಂಬರ್ಥದ ಹಿಂದಿ ಸಾಲು ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇತ್ತು. ಕೇಳಲು ಹಿತವೇ. ನಿಧಾನವಾಗಿ ಯೋಚಿಸಿದರೆ, ಪ್ರೀತಿ ಅವನದು, ದುಡ್ಡೂ ಅವನದು, ಒಲೆಯ ಮುಂದೆ ನಿಲ್ಲುವವಳು ಮಾತ್ರ ಅವಳೇ. ಕುಕ್ಕರಿನಿಂದ ಉಪಕಾರವಾಗಲಿಲ್ಲ ಅಂತಲ್ಲ. ಒಳಗಿನ ಒತ್ತಡಕ್ಕೆ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರದವರೆಗೂ ಕಾಯುತ್ತದೆ, ಬೇಳೆ ಮೂರು ನಾಲ್ಕು ಕೂಗಿಗೆ ಬೆಣ್ಣೆಯಂತೆ ಬೇಯುತ್ತದೆ. ಹಾಗೆ ಉಳಿದ ಹೊತ್ತು ಯಾರ ಪಾಲಿಗೆ ಬಂತು? ನಮ್ಮ ಮನೆಯಲ್ಲಿ ಊಟಕ್ಕೆ ಇನ್ನೊಂದು ಪಲ್ಯ ಸೇರಿತು, ಅಷ್ಟೆ! ಇನ್ನು ಅಲ್ಯೂಮಿನಿಯಂ ತಳ ಕಪ್ಪಾಗದಿರಲು ನೀರಿಗೊಂದು ಚೂರು ಹುಣಸೆಹಣ್ಣು ಹಾಕುವುದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಅದನ್ನು ಕಲಿಸಿದವರು ಪಕ್ಕದ ಮನೆಯವರು.

ಮರ್ಫಿ ರೇಡಿಯೊದ ಹಾಳೆ ನಿನಗೆ ತುಂಬ ಇಷ್ಟವಾಯಿತಲ್ಲ, ತುಟಿಯ ಹತ್ತಿರ ಬೆರಳಿಟ್ಟುಕೊಂಡ ಮಗು? ನಮಗೂ ಇಷ್ಟವೇ. ಆದರೆ ರೇಡಿಯೊ ತಂದವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿಗೆ ದುಡ್ಡು ಕಟ್ಟಬೇಕಿತ್ತು. ಆ ಮಗು ಅದನ್ನು ಹೇಳಲಿಲ್ಲ.

ಮಿಕ್ಸಿಯ ಕತೆಯಲ್ಲೂ ಒಂದು ಪಾಠವಿದೆ. ಹೊರದೇಶದ ಯಂತ್ರಗಳು ಅಲ್ಲಿನ ಅಡುಗೆಗೆ ತಕ್ಕವು. ನಮ್ಮ ಒಣ ಅರಿಶಿನ, ಕೊಬ್ಬರಿ, ನೆನೆದ ಉದ್ದು ಅವಕ್ಕೆ ಹೊಸವು. ಹೆಂಡತಿಯ ಮಿಕ್ಸರ್ ಕೆಟ್ಟು ಕೂತಾಗ ಎಂಜಿನಿಯರ್ ಮಾಥುರ್ ಅವರು 1960ರ ದಶಕದಲ್ಲಿ ನಮ್ಮ ಅಡುಗೆಗೆಂದೇ ಸುಮೀತ್ ಮಿಕ್ಸಿ ರೂಪಿಸಿದರು. ಒಂದು ವಸ್ತು ಯಾರ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು ಅಂತ ಕೇಳಿಕೊಂಡೇ ಮನೆಗೆ ತಾ.

ನನ್ನದೇ ಅನುಭವ ಹೇಳುತ್ತೇನೆ. ಹೊಲಿಗೆ ಮಿಷನ್ನಿನ ಒಂದು ಜಾಹೀರಾತನ್ನು ಕತ್ತರಿಸಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ತಾಯಿ ನಗುನಗುತ್ತಾ ಮಗಳಿಗೆ ಫ್ರಾಕ್ ಹೊಲಿಯುವ ಚಿತ್ರ, ಕೈಯಿಂದ ತಿರುಗಿಸುವ ಮಿಷನ್. ದುಡ್ಡು ಕೂಡುವ ಹೊತ್ತಿಗೆ ಎಂಟು ತಿಂಗಳಾಯಿತು. ಅಷ್ಟರಲ್ಲಿ ಎರಡು ಮನೆಗಳ ಮಿಷನ್ನಿನ ಮುಂದೆ ಕೂತು ನೋಡಿದ್ದೆ. ಕೈಮಿಷನ್ನಿನಲ್ಲಿ ಒಂದು ಕೈ ಹಿಡಿ ತಿರುಗಿಸುತ್ತಲೇ ಇರಬೇಕು, ಬಟ್ಟೆಗೆ ಸಿಗುವುದು ಇನ್ನೊಂದೇ ಕೈ. ತುಳಿಯುವ ಮಿಷನ್ನಿನಲ್ಲಿ ಎರಡೂ ಕೈ ಬಟ್ಟೆಗೆ. ನಾನು ತಂದದ್ದು ತುಳಿಯುವುದನ್ನು. ಫ್ರಾಕ್ ಹೊಲಿದೆ, ಆಮೇಲೆ ಇಡೀ ಬೀದಿಯ ರವಿಕೆಗಳನ್ನೂ ಹೊಲಿದೆ. ನಿಮ್ಮಪ್ಪನ ಕಾಲೇಜು ಫೀಸು ಬಂದದ್ದು ಅದರಿಂದ. ಆ ಜಾಹೀರಾತಿನ ತಾಯಿಯ ಕೈಯಲ್ಲಿ ನೂಲಿತ್ತು, ದುಡ್ಡು ಇರಲಿಲ್ಲ. ಅಂದರೆ, ಬಿಟ್ಟುಹೋದದ್ದೆಲ್ಲ ಕೆಟ್ಟದ್ದೇ ಅಲ್ಲ ಕಣೇ. ಎಷ್ಟೋ ಸಲ ನಮಗೆ ಬೇಕಾದದ್ದೂ ಅಲ್ಲೇ ಇರುತ್ತದೆ.

ಜಾಹೀರಾತುಗಳ ಮೇಲೆ ಕಣ್ಣಿಡಲು 1985ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಬಂತು, ಮರುವರ್ಷ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಹೇಳಿದ ಸುಳ್ಳಿಗೆ ದೂರು ಕೊಡಬಹುದು. ಹೇಳದೆ ಬಿಟ್ಟದ್ದನ್ನು ನಾವೇ ಹಿಡಿಯಬೇಕು.

ನನಗೆ ಸಿಕ್ಕ ಎಂಟು ತಿಂಗಳು ನಿನಗಿಲ್ಲ. ಜಾಹೀರಾತಿನ ಕೆಳಗೇ ಕೊಳ್ಳುವ ಗುಂಡಿ, ಸಂಜೆಗೆ ಬಾಗಿಲಲ್ಲಿ ಡಬ್ಬ. ಅದಕ್ಕೇ ಹೇಳುವುದು, ಬೇಕೆನಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡು. ಪಕ್ಕದಲ್ಲಿ ಇಷ್ಟು ಬರಿ: ಇದನ್ನು ನಡೆಸುವವರು ಯಾರು, ತೊಳೆಯುವವರು ಯಾರು, ಕೆಟ್ಟರೆ ರಿಪೇರಿ ಎಲ್ಲಿ. ಮೊದಲ ಎರಡಕ್ಕೂ ನಿನ್ನ ಹೆಸರೇ ಬಂದರೆ ಇಬ್ಬರೂ ಕೂತು ಮಾತಾಡಿ, ಆಮೇಲೆ ಕೊಳ್ಳಿ.

ಕುಕ್ಕರಿನ ಹಾಳೆಗೆ ಜಾಗ ನಾನೇ ಹೇಳಿಬಿಡುತ್ತೇನೆ. ಸಿಂಕಿನ ಎದುರಿಗೆ ತೂಗುಹಾಕು. ನಿನ್ನ ಗಂಡ ಪಾತ್ರೆ ತೊಳೆಯುವಾಗ ಓದಿಕೊಳ್ಳಲಿ.

ಇಂತಿ,
ನಿನ್ನ ಅಜ್ಜಿ