ಸಿನಿಮಾದ ಮೆರುಗು: ಕಾಲ ಮತ್ತು ಬೆಳಕಿನ ಲೆಕ್ಕ

ನನ್ನ ವಿದ್ಯಾರ್ಥಿಯೊಬ್ಬನು ತನ್ನೂರ ಜಾತ್ರೆಯ ಡೊಳ್ಳು ಕುಣಿತವನ್ನು ಫೋನಿನಲ್ಲಿ ಚಿತ್ರಿಸಿ ತಂದನು. "ಸಾರ್, ಎಲ್ಲವೂ ಸ್ಪಷ್ಟವಾಗಿದೆ, ಆದರೂ ಸಿನಿಮಾದಂತೆ ಕಾಣುವುದಿಲ್ಲ. ಸಂಕಲನದಲ್ಲಿ ಸರಿಪಡಿಸಬಹುದೆ?" ಎಂದು ಕೇಳಿದನು. ಇದಕ್ಕೆ ಉತ್ತರವನ್ನು ಭೌತವಿಜ್ಞಾನವೇ ಹೇಳಬೇಕು.

ಮೊದಲನೆಯದು ಕಾಲದ ಲೆಕ್ಕ. 1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದಂದಿನಿಂದ ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಫಿಲ್ಮ್ ಕ್ಯಾಮರಾದಲ್ಲಿ ತಿರುಗುವ ಷಟರ್ ಅರ್ಧವೃತ್ತದಷ್ಟು ತೆರೆದಿದ್ದರೆ, ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಅವಧಿ 1/48 ಸೆಕೆಂಡು. ಸೆಕೆಂಡಿಗೆ 5 ಮೀಟರ್ ವೇಗದ ಡೊಳ್ಳಿನ ಕೋಲು ಅಷ್ಟರಲ್ಲಿ ಸುಮಾರು 10 ಸೆಂಟಿಮೀಟರ್ ಸರಿದು, ಮಸುಕು ಗೆರೆಯಾಗಿ ಮೂಡುತ್ತದೆ. ಈ ಮಸುಕೇ ಒಂದು ಚಿತ್ರವನ್ನು ಮುಂದಿನದರೊಡನೆ ಬೆಸೆಯುತ್ತದೆ. ಉರಿಬಿಸಿಲಿನಲ್ಲಿ ಫೋನು 1/1,000 ಸೆಕೆಂಡು ಮಾತ್ರ ಬೆಳಕನ್ನು ಗ್ರಹಿಸಿದರೆ ಕೋಲು ಸರಿಯುವುದು 5 ಮಿಲಿಮೀಟರ್. ಚಲನೆ ತುಂಡುತುಂಡಾಗಿ ಕಾಣುತ್ತದೆ. ಸೆಕೆಂಡಿಗೆ 60 ಚಿತ್ರಗಳಂತೆ ತೆಗೆದುದನ್ನು ಸಂಕಲನದಲ್ಲಿ 24ಕ್ಕೆ ಇಳಿಸಿದರೂ ಸಾಲದು: 60ನ್ನು 24ರಿಂದ ಭಾಗಿಸಿದರೆ 2½. ಒಮ್ಮೆ ಎರಡನೆಯ, ಒಮ್ಮೆ ಮೂರನೆಯ ಚಿತ್ರವನ್ನು ಆರಿಸಬೇಕಾಗುವುದರಿಂದ ಕುಣಿತದ ಹೆಜ್ಜೆ ತಪ್ಪುತ್ತದೆ.

ಎರಡನೆಯದು ಬೆಳಕಿನ ಲೆಕ್ಕ. ಛಾಯಾಫಲಕದ ಮೇಲೆ ಬೆಳಕು ಹೆಚ್ಚಿದಂತೆ ಕಪ್ಪು ಹೇಗೆ ಏರುವುದೆಂಬುದನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬುವರು 1890ರಲ್ಲಿ ಪ್ರಕಟಿಸಿದರು. ಆ ರೇಖೆ ಎರಡು ತುದಿಗಳಲ್ಲೂ ಮೆಲ್ಲನೆ ಬಾಗುತ್ತದೆ. ಡಿಜಿಟಲ್ ಸಂವೇದಕವಾದರೋ ಮಳೆಗೆ ಇಟ್ಟ ಕೊಡದಂತೆ: ತುಂಬುವವರೆಗೆ ಒಂದೇ ಸಮನೆ ಏರಿ, ತುಂಬಿದ ಮೇಲೆ ಏರಿಕೆ ಥಟ್ಟನೆ ನಿಲ್ಲುತ್ತದೆ. ಸಂಕಲನಕಾರನು ರೇಖೆಯ ತುದಿಗಳನ್ನು ಬಾಗಿಸಿ ಫಿಲ್ಮಿನ ಮೃದುತ್ವವನ್ನು ಅನುಕರಿಸುತ್ತಾನೆ. ಇದಕ್ಕೆ ಮೆಟ್ಟಿಲುಗಳು ಬೇಕು. 8 ಬಿಟ್ ಚಿತ್ರದಲ್ಲಿ ಪ್ರತಿ ಮೂಲವರ್ಣಕ್ಕೆ 256 ಮೆಟ್ಟಿಲುಗಳು. 10 ಬಿಟ್‌ನಲ್ಲಿ 1,024. ಮೆಟ್ಟಿಲು ಕಡಿಮೆಯಿದ್ದು ಎಳೆದರೆ ಆಕಾಶದಲ್ಲಿ ಪಟ್ಟೆಗಳು ಕಾಣುತ್ತವೆ.

ನಮ್ಮ ಹುಡುಗನ ಚಿತ್ರದಲ್ಲಿ ಆಕಾಶವೆಲ್ಲ 255. ಮೋಡಕ್ಕೂ ಬಯಲಿಗೂ ವ್ಯತ್ಯಾಸ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಗಣಕಯಂತ್ರವು ಮೋಡವನ್ನು ಊಹಿಸಿ ಬರೆಯಬಲ್ಲದು. ಆದರೆ ಅದು ಆ ಜಾತ್ರೆಯ ಮೋಡವಲ್ಲ.

ಆದುದರಿಂದ ಸಂಕಲನವು ಚಿತ್ರೀಕರಣದ ವೇಳೆಯಲ್ಲಿಯೇ ಮೊದಲಾಗುತ್ತದೆ. ಮುಂದಿನ ಜಾತ್ರೆಗೆ ಅವನು ಮಸೂರದ ಮುಂದೆ ಬೂದುಗಾಜನ್ನಿಟ್ಟು, 24 ಚಿತ್ರ, 1/48 ಸೆಕೆಂಡು ಎಂದು ನಿಗದಿಮಾಡಿ, ಆಕಾಶ ಬಿಳಿಚದಂತೆ ಬೆಳಕನ್ನು ತಗ್ಗಿಸಿ ಚಿತ್ರಿಸಿದನು. ಈ ಸಲ ಕೋಲು ಬೀಸಿದಂತೆಯೇ ಕಂಡಿತು; ಅದರ ಹಿಂದೆ ಮೋಡಗಳೂ ಇದ್ದವು.