ಬಟಾಣಿ ಕಾಲದಲ್ಲಿ ಒಂದು ಮಾತು

ಮಗಳೇ, ಚಳಿ ಶುರುವಾಗಿ ಸಂತೆಯಲ್ಲಿ ಹಸಿ ಬಟಾಣಿ ರಾಶಿ ಬಿದ್ದಿದೆ. ಕೆಲಸ ಮುಗಿಸಿ ಬಂದು ಕಾಯಿ ಬಿಡಿಸಲು ಪುರುಸೊತ್ತೆಲ್ಲಿ ಎನ್ನುತ್ತೀಯ. ಆದರೂ ಈ ಕಾಲ ಇರುವಷ್ಟು ದಿನ ಸಿಪ್ಪೆ ಸಮೇತವೇ ಕೊಂಡುಕೋ.

ಗಿಡದಿಂದ ಕಿತ್ತ ಹೊತ್ತಿನಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಸಿ ಜೀವಸತ್ವವೂ ಕುಗ್ಗುತ್ತದೆ. ಹಳೆಯ ಬಟಾಣಿ ಬಾಯಲ್ಲಿ ಹಿಟ್ಟುಹಿಟ್ಟಾಗುವುದು ಅದಕ್ಕೇ. ಹಳದಿಗೆ ತಿರುಗಿದ್ದು, ಸಿಪ್ಪೆ ಸುಕ್ಕಾದದ್ದು ಬೇಡ. ಬಿಡಿಸಿ ಪೊಟ್ಟಣ ಕಟ್ಟಿದ ಕಡುಹಸಿರು ಕಾಳಂತೂ ಅನುಮಾನಕ್ಕೆ ಎಡೆ. ಒಣ ಬಟಾಣಿ ನೆನೆಸಿ, ಬಣ್ಣ ಕಟ್ಟಿ, ಹಸಿಯದೆಂದು ಮಾರುವವರಿದ್ದಾರೆ. ಅದಕ್ಕೆ ಬಳಸುವ ಮಲಕೈಟ್ ಗ್ರೀನ್ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಗಾಜಿನ ಲೋಟದ ನೀರಿಗೆ ಒಂದಿಷ್ಟು ಕಾಳು ಹಾಕಿ ಅರ್ಧ ಗಂಟೆ ಬಿಡು. ನೀರು ಹಸಿರಾದರೆ ಅಷ್ಟನ್ನೂ ಚೆಲ್ಲಿಬಿಡು.

ನೂರು ಗ್ರಾಂ ಹಸಿ ಕಾಳಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು, 40 ಮಿಲಿಗ್ರಾಂ ಸಿ ಜೀವಸತ್ವ. ಕ್ಯಾಲರಿ ಎಂಬತ್ತರ ಆಸುಪಾಸು. ನಿನ್ನ ವಯಸ್ಸಿನ ಹೆಣ್ಣುಮಕ್ಕಳಿಗೆ ಬಹಳ ಬೇಕಾದ ಫೋಲೇಟ್ ಕೂಡ ಇದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಬಟಾಣಿಯಲ್ಲಿ ಧಾರಾಳ. ಬಟಾಣಿಯಲ್ಲಿ ಕೊರತೆಯಾಗುವ ಮೆಥಿಯೋನಿನ್ ಎಂಬ ಇನ್ನೊಂದು ಘಟಕ ಅಕ್ಕಿಯಿಂದ ಸಿಗುತ್ತದೆ. ಹಾಗಾಗಿ ಪಲಾವಿಗೆ ಚೆಂದಕ್ಕೆಂದು ಹತ್ತು ಕಾಳು ಉದುರಿಸಬೇಡ, ತಲೆಗೊಂದು ಹಿಡಿ ಹಾಕು. ಉಪ್ಪಿಟ್ಟಿಗೂ ಅಷ್ಟೇ. ಮೇಲೆ ನಿಂಬೆ ಹಿಂಡಿಕೊಂಡರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಆ ಲಾಭ ಕೈಬಿಡುತ್ತದೆ. ಒಂದು ಗಂಟೆ ತಡೆದುಕೋ ತಾಯಿ.

ಕಾಳು ಬೇಯಿಸಿದ ನೀರನ್ನು ಬಸಿದು ಚೆಲ್ಲುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಫೋಲೇಟೂ ಸಿ ಜೀವಸತ್ವವೂ ನೀರಿಗಿಳಿಯುವಂಥವು. ಆ ನೀರನ್ನು ಸಾಗುವಿಗೋ ಸಾರಿಗೋ ಸೇರಿಸು.

ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ. ಬಟಾಣಿ ಒಳ್ಳೆಯದೆಂದು ಅನ್ನದ ಜೊತೆ ಇನ್ನಷ್ಟು ಬಡಿಸಬೇಡ. ಇದರಲ್ಲೂ ಪಿಷ್ಟವಿದೆ, ಹಾಕಿದಷ್ಟು ಅನ್ನ ಕಡಿಮೆ ಮಾಡು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಲಿ. ಇದರಲ್ಲಿ ಕೆ ಜೀವಸತ್ವವೂ ಪೊಟ್ಯಾಶಿಯಂ ಕೂಡ ಇವೆ.

ಹೆಚ್ಚಿಗೆ ತಂದರೆ ಭಾನುವಾರ ಕೂತು ಎಲ್ಲವನ್ನೂ ಬಿಡಿಸಿಬಿಡು. ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ, ತಣ್ಣೀರಿಗೆ ಸುರಿದು, ಬಟ್ಟೆಯ ಮೇಲೆ ಆರಿಸಿ ಫ್ರೀಜರಿಗಿಡು. ಬೇಸಿಗೆಯವರೆಗೂ ಬರುತ್ತದೆ.